ಶಾಪವೂ ಕೈ ಬದಲಾಯಿಸಬೇಕು

ಗೆದ್ದವರಿಗೆ ಬಹುಮಾನ ಕೊಡುವುದು ಲೋಕರೂಢಿ. ಗೆದ್ದವರ ಕೈಗೆ ಶಾಪವೊಂದನ್ನು ಒಪ್ಪಿಸಿ, ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿ ನಗುವುದು ಅಷ್ಟೇನೂ ರೂಢಿಯಲ್ಲಿಲ್ಲದ ಸಂಗತಿ. ಅಮೆರಿಕದಲ್ಲಿ ವಾರಕ್ಕೊಂದು ಸಂಜೆ ಸಾರ್ವಜನಿಕ ಉದ್ಯಾನಗಳಲ್ಲಿ ಕೂಡಿ ಆಡುವ ಡಿಸ್ಕ್ ಗಾಲ್ಫ್ ಲೀಗುಗಳ ನಡುವೆ ಇಂತಹ ವಿನೋದವೂ ಉಂಟು. ಹಾರರ್ ಚಲನಚಿತ್ರದ ಪರದೆಯಿಂದ ಎದ್ದುಬಂದಂತಿರುವ ವಿಕಾರವಾದ ಪಾರಿತೋಷಕವೊಂದು ಆಟಗಾರರಲ್ಲಿ ಕೈಯಿಂದ ಕೈಗೆ ಸಾಗುತ್ತಿರುತ್ತದೆ. ಅದು ಶಾಪಗ್ರಸ್ತವೆಂಬುದು ಆ ಬಳಗದವರೆಲ್ಲ ಮನಸಾರೆ ಒಪ್ಪಿಕೊಂಡ ಐತಿಹ್ಯ. ಅದನ್ನು ಮನೆಗೊಯ್ದವರ ಎಸೆತ ಮುಂದಿನ ವಾರ ಮರಕ್ಕೆ ಬಡಿದರೆ, ತಟ್ಟೆ ಕೊಳದಲ್ಲಿ ಮುಳುಗಿದರೆ, ಕಾರಣ ಹುಡುಕಬೇಕಾಗಿಲ್ಲ. ಪಾರಿತೋಷಕವನ್ನು ಇನ್ನೊಬ್ಬರಿಗೆ ದಾಟಿಸಿದಾಗಲೇ ಬಿಡುಗಡೆ.

ಇಪ್ಪತ್ತೊಂದನೆಯ ಶತಮಾನದಲ್ಲಿ, ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶದ ವಿದ್ಯಾವಂತರು ಹೀಗೆ ಶಾಪದ ಆಟ ಆಡುವುದನ್ನು ಕಂಡು ನಗಬಹುದು. ಆದರೆ ನಗುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಅವರ ಶಾಪ ಕೈ ಬದಲಾಯಿಸುತ್ತದೆ, ನಮ್ಮವು ಬದಲಾಯಿಸುತ್ತವೆಯೇ?

ಸರಪಳಿಯ ಸದ್ದು

ಡಿಸ್ಕ್ ಗಾಲ್ಫ್ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲ. ಗಾಲ್ಫಿನ ನಿಯಮಗಳನ್ನೇ ಇಟ್ಟುಕೊಂಡು, ಕೋಲು ಮತ್ತು ಚೆಂಡಿನ ಬದಲು ಪ್ಲಾಸ್ಟಿಕ್ ತಟ್ಟೆಗಳನ್ನು ಎಸೆದು ಆಡುವ ಆಟವಿದು. ನೆಲದ ಕುಳಿಯ ಸ್ಥಾನದಲ್ಲಿ ಕಂಬಕ್ಕೆ ಜೋಡಿಸಿದ ಲೋಹದ ಬುಟ್ಟಿ ಇರುತ್ತದೆ; ಅದರ ಮೇಲೆ ಇಳಿಬಿಟ್ಟ ಸರಪಳಿಗಳು. ತಟ್ಟೆ ಬಂದು ಸರಪಳಿಗೆ ತಾಗಿ, ಝಣಝಣ ಸದ್ದು ಮಾಡಿ ಬುಟ್ಟಿಗೆ ಬೀಳಬೇಕು. ಸಾಮಾನ್ಯವಾಗಿ ಹದಿನೆಂಟು ಬುಟ್ಟಿಗಳ ಒಂದು ಸುತ್ತು. ಅತಿ ಕಡಿಮೆ ಎಸೆತಗಳಲ್ಲಿ ಸುತ್ತು ಮುಗಿಸಿದವರು ವಿಜೇತರು. ದೂರಕ್ಕೆ ಹಾರುವ ತಟ್ಟೆ ಬೇರೆ, ಬುಟ್ಟಿಯ ಬಳಿ ಮೆಲ್ಲನೆ ಬಿಡುವ ತಟ್ಟೆ ಬೇರೆ. ಗಾಲ್ಫಿನ ಹುಲ್ಲುಗಾವಲಿಗೆ ತೆರಬೇಕಾದ ದುಬಾರಿ ಶುಲ್ಕ ಇಲ್ಲಿಲ್ಲ. ಬಹುಪಾಲು ಅಂಗಣಗಳು ಸಾರ್ವಜನಿಕ ಉದ್ಯಾನಗಳಲ್ಲಿದ್ದು, ಎರಡು ಮೂರು ತಟ್ಟೆಗಳಿದ್ದರೆ ಯಾರು ಬೇಕಾದರೂ ಆಡಬಹುದು. ಆದ್ದರಿಂದಲೇ ಬಡಗಿ, ಶಿಕ್ಷಕಿ, ಗುಮಾಸ್ತ, ವಿದ್ಯಾರ್ಥಿ ಎಲ್ಲರೂ ಒಂದೇ ಗುಂಪಿನಲ್ಲಿ ಹೆಜ್ಜೆ ಹಾಕುವುದು ಇಲ್ಲಿ ಸಾಧ್ಯವಾಗಿದೆ.

ಈ ತಟ್ಟೆಯ ಕಥೆಯೂ ಸ್ವಾರಸ್ಯಕರ. 1930ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಕಡಲತೀರದಲ್ಲಿ ಫ್ರೆಡ್ ಮಾರಿಸನ್ ಎಂಬ ಯುವಕ ತನ್ನ ಗೆಳತಿಯೊಡನೆ ಕೇಕಿನ ತಗಡಿನ ತಟ್ಟೆಯನ್ನು ಎಸೆದಾಡುತ್ತಿದ್ದ. ನೋಡಿದವರೊಬ್ಬರು, ಅಂಗಡಿಯಲ್ಲಿ 5 ಸೆಂಟಿಗೆ ಸಿಗುವ ಆ ತಟ್ಟೆಗೆ 25 ಸೆಂಟು ಕೊಡಲು ಮುಂದಾದರು. ಮಾರಿಸನ್‌ನ ತಲೆಯಲ್ಲಿ ವ್ಯಾಪಾರದ ಯೋಚನೆ ಹುಟ್ಟಿದ್ದು ಅಲ್ಲಿ. ಮುಂದೆ ಅವನು ರೂಪಿಸಿದ ಪ್ಲಾಸ್ಟಿಕ್ ತಟ್ಟೆಯ ಹಕ್ಕನ್ನು ವ್ಯಾಮ್-ಓ ಕಂಪನಿ ಪಡೆದು, 1957ರಿಂದ ಮಾರಲಾರಂಭಿಸಿತು. ಫ್ರಿಸ್ಬಿ ಎಂಬ ಹೆಸರು ಅಂಟಿಕೊಂಡಿತು. ಅದೇ ಕಂಪನಿಯಲ್ಲಿದ್ದ ಎಡ್ ಹೆಡ್ರಿಕ್ ತಟ್ಟೆಯ ಮೈಮೇಲೆ ವೃತ್ತಾಕಾರದ ಗೀರುಗಳನ್ನು ಮೂಡಿಸಿ ಅದರ ಹಾರಾಟವನ್ನು ಸ್ಥಿರಗೊಳಿಸಿದ. 1975ರಲ್ಲಿ ಕ್ಯಾಲಿಫೋರ್ನಿಯಾದ ಲಾ ಕನ್ಯಾಡಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಅಂಗಣ ರೂಪುಗೊಂಡಿದ್ದು ಅವನಿಂದಲೇ. ಸರಪಳಿಯ ಬುಟ್ಟಿಯೂ ಅವನದೇ ಕೊಡುಗೆ. 1976ರಲ್ಲಿ ವೃತ್ತಿಪರ ಆಟಗಾರರ ಸಂಘ ಸ್ಥಾಪನೆಯಾದಾಗ ಸದಸ್ಯತ್ವದ ಮೊದಲ ಸಂಖ್ಯೆ ಅವನಿಗೆ ದೊರೆಯಿತು.

ಹೆಡ್ರಿಕ್ 2002ರ ಆಗಸ್ಟಿನಲ್ಲಿ ತೀರಿಕೊಂಡ. ಅವನ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನೊಡನೆ ಬೆರೆಸಿ ಸ್ಮಾರಕ ತಟ್ಟೆಗಳನ್ನು ಅಚ್ಚು ಹಾಕಲಾಯಿತು. ಸತ್ತ ಮೇಲೂ ಗೆಳೆಯರ ಕೈಯಿಂದ ಹಾರಬೇಕೆಂದು ಬಯಸಿದವನು ಕಟ್ಟಿದ ಆಟವಿದು. ಅಸ್ಥಿಯನ್ನು ಹರಿವ ನೀರಿಗೆ ಬಿಡುವ ನಮಗೆ ಇದು ವಿಚಿತ್ರವೆನಿಸಬಹುದು, ಕೊಂಚ ಅಮಂಗಳವೂ ಎನಿಸಬಹುದು. ಆದರೆ ಮೃತ್ಯುವಿನೊಡನೆ ಸಲಿಗೆಯಿಂದ ವರ್ತಿಸುವ ಈ ಸ್ವಭಾವ ಆಟದ ಹುಟ್ಟಿನಲ್ಲೇ ಇದೆ ಎಂಬುದನ್ನು ಗಮನಿಸಬೇಕು. ಶಾಪಗ್ರಸ್ತ ಪಾರಿತೋಷಕದ ಕಲ್ಪನೆ ಇಲ್ಲಿ ಹೊರಗಿನಿಂದ ಬಂದ ಅತಿಥಿಯಲ್ಲ.

ಲೀಗಿನ ರಚನೆಯೂ ಇದಕ್ಕೆ ಅನುಕೂಲವಾಗಿದೆ. ಡಿಸ್ಕ್ ಗಾಲ್ಫ್ ಬಳಗಗಳಲ್ಲಿ 'ಬ್ಯಾಗ್ ಟ್ಯಾಗ್' ಎಂಬ ಪದ್ಧತಿಯಿದೆ. ಋತುವಿನ ಆರಂಭದಲ್ಲಿ ಪ್ರತಿಯೊಬ್ಬರಿಗೂ ಸಂಖ್ಯೆಯುಳ್ಳ ಬಿಲ್ಲೆಯೊಂದು ದೊರೆಯುತ್ತದೆ. ಅದು ಚೀಲಕ್ಕೆ ನೇತಾಡುತ್ತಿರಬೇಕು. ಒಂದು ಸುತ್ತು ಮುಗಿದೊಡನೆ ಅಂದಿನ ಸ್ಥಾನಕ್ಕೆ ತಕ್ಕಂತೆ ಬಿಲ್ಲೆಗಳು ಅದಲುಬದಲಾಗುತ್ತವೆ. ಇಂದು ಮೊದಲನೆಯ ಸಂಖ್ಯೆಯನ್ನು ತೂಗುಹಾಕಿಕೊಂಡವರು ಮುಂದಿನ ವಾರ ಹದಿನೇಳನ್ನು ಹೊತ್ತು ಮನೆಗೆ ಹೋಗಬಹುದು. ಯಾವ ಗೌರವವೂ ಇಲ್ಲಿ ಯಾರ ಸ್ವತ್ತೂ ಅಲ್ಲ, ಎಲ್ಲವೂ ಕೈಗಡ. ಗೌರವವೇ ಹೀಗೆ ಸಂಚರಿಸುವಾಗ ಅಪಶಕುನವೂ ಸಂಚರಿಸಲಿ ಎಂದು ಯಾರಿಗಾದರೂ ತೋಚಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಭಯ ಬೇರೆ, ಭಯಾನಕ ಬೇರೆ

ಹಾರರ್ ಚಿತ್ರಗಳಿಗೂ ಈ ಆಟಕ್ಕೂ ಏನು ನಂಟು? ಮೊದಲನೆಯದು, ಸ್ಥಳ. ಮರಗಳ ನಡುವಿನ ಕಾಲುದಾರಿ, ಕೊಳ, ಮಬ್ಬುಗತ್ತಲು, ಎಲ್ಲಿಂದಲೋ ಕೇಳಿಬರುವ ಸರಪಳಿಯ ಸದ್ದು. 1980ರಲ್ಲಿ ತೆರೆಕಂಡ 'ಫ್ರೈಡೇ ದಿ ಥರ್ಟೀನ್ತ್' ಚಿತ್ರದ ಕಾಡು ಶಿಬಿರಕ್ಕೂ ಡಿಸ್ಕ್ ಗಾಲ್ಫ್ ಅಂಗಣಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಎರಡನೆಯದು, ಆ ಚಿತ್ರಗಳ ಮನೆಗೆಲಸದ ಗುಣ. ಜಾನ್ ಕಾರ್ಪೆಂಟರ್ ಅವರ 'ಹ್ಯಾಲೋವೀನ್' (1978) ಚಿತ್ರದಲ್ಲಿ ಇಡೀ ಜಗತ್ತನ್ನು ನಡುಗಿಸಿದ ಆ ಬಿಳಿ ಮುಖವಾಡ ನಿಜವಾಗಿ 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕಿರ್ಕ್ ಪಾತ್ರದ ಅಗ್ಗದ ರಬ್ಬರ್ ಮುಖವಾಡ. ಅದಕ್ಕೆ ಬಿಳಿ ಬಣ್ಣ ಬಳಿಯಲಾಗಿತ್ತು, ಅಷ್ಟೆ. 'ಫ್ರೈಡೇ ದಿ ಥರ್ಟೀನ್ತ್' ಸರಣಿಯ ಕೊಲೆಗಾರ ಜೇಸನ್‌ಗೆ 1982ರ ಮೂರನೆಯ ಚಿತ್ರದಲ್ಲಿ ದೊರೆತ ಗುರುತು ಹಾಕಿ ಆಟದ ಗೋಲ್‌ಕೀಪರನ ಮುಖಕವಚ. ಅಂಗಡಿಯಲ್ಲಿ ಸಿಗುವ ಕ್ರೀಡಾ ಸಾಮಗ್ರಿಯೇ ಭೀತಿಯ ಲಾಂಛನವಾದುದು ಹೀಗೆ. ಹೀಗಿರುವಾಗ, ಆಟಗಾರರು ತಮ್ಮ ಪಾರಿತೋಷಕಕ್ಕೆ ಅದೇ ಲೋಕದ ವೇಷ ತೊಡಿಸಲು ದೊಡ್ಡ ಶಿಲ್ಪಿಯೇನೂ ಬೇಕಾಗಿಲ್ಲ.

ನಮ್ಮ ಅಲಂಕಾರಶಾಸ್ತ್ರ ಈ ವಿಷಯದಲ್ಲಿ ಒಂದು ಸೂಕ್ಷ್ಮವಾದ ಭೇದವನ್ನು ಗುರುತಿಸಿದೆ. ಭಯವೆಂಬುದು ಭಾವ, ಭಯಾನಕವೆಂಬುದು ರಸ. ಭರತನು ಹೇಳಿದ ಎಂಟು ರಸಗಳಲ್ಲಿ ಇದೂ ಒಂದು. ಕಾಡಿನಲ್ಲಿ ಹುಲಿ ಎದುರಾದರೆ ಅದು ಭಯ; ಅದರಲ್ಲಿ ಆಸ್ವಾದವಿಲ್ಲ. ರಂಗದ ಮೇಲೆ ಹುಲಿಯನ್ನು ಕಂಡು ಬೆಚ್ಚಿಬಿದ್ದ ಪ್ರೇಕ್ಷಕ ಕುರ್ಚಿಯಲ್ಲಿ ಕುಳಿತೇ ಇರುತ್ತಾನೆ. ಆ ದೂರವೇ ಭಯವನ್ನು ರಸವಾಗಿಸುತ್ತದೆ. ಶಾಪಗ್ರಸ್ತ ಪಾರಿತೋಷಕದ ಆಟದಲ್ಲಿಯೂ ಆಗುವುದು ಇದೇ. ಅದನ್ನು ಕಪಾಟಿನ ಮೇಲಿಟ್ಟುಕೊಂಡವರಿಗೆ ಒಂದು ವಾರ ಸಣ್ಣ ಕಳವಳವಿರುತ್ತದೆ, ಆದರೆ ನಿದ್ರೆ ಕೆಡುವುದಿಲ್ಲ. ಭಯಾನಕದ ಬೆನ್ನಿಗೇ ಹಾಸ್ಯವೂ ಇರುತ್ತದೆ.

ಇಂತಹ ಅಣಕದ ಪಾರಿತೋಷಕಗಳಿಗೆ ಗೌರವಾನ್ವಿತ ಪರಂಪರೆಯೇ ಇದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದವರನ್ನು ಸೀನಿಯರ್ ರ‍್ಯಾಂಗ್ಲರ್ ಎನ್ನುತ್ತಿದ್ದರು. 1899ರಲ್ಲಿ ಆ ಸ್ಥಾನವನ್ನು ಹಂಚಿಕೊಂಡ ರಘುನಾಥ ಪರಾಂಜಪೆಯವರ ಹೆಸರು ನಮಗೆ ತಿಳಿದಿದೆ. ಆದರೆ ಆನರ್ಸ್ ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ ಪಡೆದವನಿಗೂ ಅಲ್ಲಿ ಗೆಳೆಯರು ಮರದ ಸೌಟೊಂದನ್ನು ಒಪ್ಪಿಸುತ್ತಿದ್ದರು. 1909ರಲ್ಲಿ ಕೊನೆಯ ಬಾರಿಗೆ ಕೊಟ್ಟ ಸೌಟು ಒಂದು ಮೀಟರಿಗೂ ಉದ್ದವಾಗಿದ್ದು, ದೋಣಿಯ ಹುಟ್ಟಿನಿಂದ ಮಾಡಿದ್ದಾಗಿತ್ತು. ಆ ಬಳಿಕ ಫಲಿತಾಂಶವನ್ನು ಅಂಕಗಳ ಕ್ರಮದಲ್ಲಿ ಪ್ರಕಟಿಸುವುದು ನಿಂತುದರಿಂದ ಕೊನೆಯವನು ಯಾರೆಂಬುದೇ ತಿಳಿಯದಾಯಿತು.

ಕ್ರಿಕೆಟಿನ ಆ್ಯಷಸ್ ಕಥೆಯಂತೂ ಅಪ್ಪಟ ಶ್ಮಶಾನ ವಿನೋದ. 1882ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ತಂಡ ಆಸ್ಟ್ರೇಲಿಯಾಕ್ಕೆ 7 ರನ್ನುಗಳಿಂದ ಸೋತಾಗ, 'ಸ್ಪೋರ್ಟಿಂಗ್ ಟೈಮ್ಸ್' ಪತ್ರಿಕೆ ಇಂಗ್ಲಿಷ್ ಕ್ರಿಕೆಟಿನ ಮರಣವಾರ್ತೆಯನ್ನು ಅಣಕವಾಗಿ ಪ್ರಕಟಿಸಿತು. ದೇಹವನ್ನು ದಹಿಸಿ ಬೂದಿಯನ್ನು ಆಸ್ಟ್ರೇಲಿಯಾಕ್ಕೆ ಒಯ್ಯಲಾಗುವುದೆಂದೂ ಅದರಲ್ಲಿತ್ತು. ಆ ಚಳಿಗಾಲದ ಪ್ರವಾಸದಲ್ಲಿ ನಾಯಕ ಐವೊ ಬ್ಲೈ ಅವರ ಕೈಗೆ ಬಂದ, ಗೇಣುದ್ದವೂ ಇಲ್ಲದ ಪುಟ್ಟ ಕರಂಡ ಇಂದಿಗೂ ಲಾರ್ಡ್ಸ್‌ನಲ್ಲಿದೆ. ಎರಡು ರಾಷ್ಟ್ರಗಳು ಸುಮಾರು ಒಂದೂವರೆ ಶತಮಾನದಿಂದ ಜಿದ್ದಿಗೆ ಬಿದ್ದು ಆಡುತ್ತಿರುವುದು ಒಂದು ಹಿಡಿ ಬೂದಿಗಾಗಿ. ಡಿಸ್ಕ್ ಗಾಲ್ಫ್ ಆಟಗಾರರ ಪ್ರೇತ ಪಾರಿತೋಷಕವನ್ನು ಕಂಡು ಹುಬ್ಬೇರಿಸುವವರು ಇದನ್ನು ನೆನೆಯಬೇಕು.

ದಾಟಿಸುವ ಧರ್ಮಸಂಕಟ

ದಾಟಿಸಿದರೆ ಮಾತ್ರ ತೊಲಗುವ ಶಾಪ ಕಥಾಲೋಕಕ್ಕೂ ಹೊಸದಲ್ಲ. ಆರ್.ಎಲ್. ಸ್ಟೀವನ್‌ಸನ್ ಬರೆದ 'ದಿ ಬಾಟಲ್ ಇಂಪ್' (1891) ಕಥೆಯ ಸೀಸೆ ಬೇಡಿದ್ದನ್ನೆಲ್ಲ ಕೊಡುತ್ತದೆ. ಆದರೆ ಅದನ್ನು ಇಟ್ಟುಕೊಂಡೇ ಸತ್ತವನಿಗೆ ನರಕ ಕಟ್ಟಿಟ್ಟದ್ದು. ಮಾರುವುದಾದರೆ ಕೊಂಡದ್ದಕ್ಕಿಂತ ಕಡಿಮೆ ಬೆಲೆಗೇ ಮಾರಬೇಕು. ಎಂ.ಆರ್. ಜೇಮ್ಸ್ ಅವರ 1911ರ 'ಕಾಸ್ಟಿಂಗ್ ದ ರೂನ್ಸ್' ಕಥೆಯಲ್ಲಿ ಮಾಟದ ಚೀಟಿಯೊಂದನ್ನು ಕೊಟ್ಟವನಿಗೇ ಹಿಂದಿರುಗಿಸಬೇಕು. 1957ರಲ್ಲಿ ಅದು ಚಲನಚಿತ್ರವಾಯಿತು. ಜಪಾನಿನ 'ರಿಂಗು' (1998) ಚಿತ್ರದಲ್ಲಿ ಮಾಟದ ವೀಡಿಯೊ ಟೇಪು ನೋಡಿದವರು ಏಳು ದಿನಗಳಲ್ಲಿ ಸಾಯುತ್ತಾರೆ. ಅದರ ಪ್ರತಿ ಮಾಡಿ ಇನ್ನೊಬ್ಬರಿಗೆ ತೋರಿಸಿದರೆ ಬದುಕುತ್ತಾರೆ. ಈ ಕಥೆಗಳ ನಿಜವಾದ ಭೀಕರತೆ ಪ್ರೇತದಲ್ಲಿಲ್ಲ. ನಾನು ಉಳಿಯಬೇಕಾದರೆ ನನ್ನ ಸಂಕಟವನ್ನು ಯಾರ ತಲೆಗೆ ಕಟ್ಟಲಿ ಎಂಬ ಪ್ರಶ್ನೆಯಲ್ಲಿದೆ.

ಕನ್ನಡ ಪ್ರೇಕ್ಷಕರಿಗೂ ಶಾಪಗ್ರಸ್ತ ಬಹುಮಾನ ಅಪರಿಚಿತವಲ್ಲ. 2010ರ 'ಆಪ್ತರಕ್ಷಕ' ಚಿತ್ರದಲ್ಲಿ ನೃತ್ಯಸ್ಪರ್ಧೆಯಲ್ಲಿ ಗೆದ್ದ ಯುವತಿಗೆ ದೊರೆಯುವ ಬಹುಮಾನ ನಾಗವಲ್ಲಿಯ ಚಿತ್ರಪಟ. ಅದು ಮನೆಗೆ ಬಂದಲ್ಲಿಂದ ಅನಾಹುತಗಳ ಸರಣಿ. ನಮ್ಮ ಹಳ್ಳಿಗಳಲ್ಲಿ ಹಿಂದೆ ಸಿಡುಬು, ಕಾಲರಾಗಳು ಬಂದಾಗ ಮಾರಿಯ ಪ್ರತೀಕವನ್ನು ಮೆರವಣಿಗೆಯಲ್ಲಿ ಒಯ್ದು ಊರಗಡಿ ದಾಟಿಸುವ ಆಚರಣೆಯಿತ್ತು. ಆಚೆಯ ಊರಿನವರು ಅದನ್ನು ತಮ್ಮ ಗಡಿಯಾಚೆಗೆ ದಾಟಿಸುತ್ತಿದ್ದರು. ರೋಗ ಅದರಿಂದ ನಿಲ್ಲುತ್ತಿರಲಿಲ್ಲ. ಸಿಡುಬನ್ನು ನಿರ್ಮೂಲ ಮಾಡಿದ್ದು ಲಸಿಕೆ.

ಲೀಗಿನ ಪಾರಿತೋಷಕ ಈ ಧರ್ಮಸಂಕಟವನ್ನು ಸರಳವಾಗಿ ಬಗೆಹರಿಸಿಕೊಂಡಿದೆ. ಅದನ್ನು ಸ್ವೀಕರಿಸುವವರು ತಿಳಿದೇ ಸ್ವೀಕರಿಸುತ್ತಾರೆ. ಕೊಡುವವರು ನಿನ್ನೆ ತಾವೇ ಹೊತ್ತಿದ್ದರು. ನಾಳೆ ಹೊರುವವರು ಯಾರೆಂಬುದು ತೆರೆದ ಮೈದಾನದಲ್ಲಿ ಎಲ್ಲರೆದುರು ತೀರ್ಮಾನವಾಗುತ್ತದೆ. ಮಕ್ಕಳ ಮುಟ್ಟಾಟದಲ್ಲಿ 'ಕಳ್ಳ' ಆದವನಿಗೆ ಅವಮಾನವೇನೂ ಆಗುವುದಿಲ್ಲ, ಏಕೆಂದರೆ ಕೈ ತಾಗಿದೊಡನೆ ಇನ್ನೊಬ್ಬ ಕಳ್ಳನಾಗುತ್ತಾನೆ. ಒಪ್ಪಿಗೆ, ಸರದಿ, ಅವಧಿ ಎಂಬ ಈ ಮೂರೂ ಇದ್ದಲ್ಲಿ ಶಾಪವು ಆಟವಾಗಿ ಉಳಿಯುತ್ತದೆ.

ಲೆಕ್ಕದ ಮುಂದೆ ಶಾಪ

ಹಾಗಾದರೆ ಪಾರಿತೋಷಕ ಹೊತ್ತವರು ಮುಂದಿನ ವಾರ ಸೋಲುವುದು ಸುಳ್ಳೇ? ಸುಳ್ಳಲ್ಲ. ಬಹುಪಾಲು ಸಲ ಅವರು ಸೋತೇ ಸೋಲುತ್ತಾರೆ. ಇದರ ಕಾರಣವನ್ನು ತಿಳಿಯಲು ಮಾಂತ್ರಿಕರ ಬಳಿಗೆ ಹೋಗಬೇಕಾಗಿಲ್ಲ, ಪ್ರೌಢಶಾಲೆಯ ಗಣಿತ ಸಾಕು. ಸಮಬಲರಾದ ಇಪ್ಪತ್ತು ಮಂದಿ ಆಡುವ ಲೀಗಿನಲ್ಲಿ ಯಾರೇ ಆಗಲಿ ಗೆಲ್ಲುವ ಸಂಭವ ಇಪ್ಪತ್ತರಲ್ಲಿ ಒಂದು. ಕಳೆದ ವಾರದ ವಿಜೇತರಿಗೂ ಅಷ್ಟೇ. ಅಂದರೆ ಇಪ್ಪತ್ತರಲ್ಲಿ ಹತ್ತೊಂಬತ್ತು ಬಾರಿ ಪಾರಿತೋಷಕ ಹೊತ್ತವರು ಸೋಲಲೇಬೇಕು. ಅವರ ಸಾಮರ್ಥ್ಯ ಉಳಿದವರ ಎರಡರಷ್ಟಿದೆ ಎಂದೇ ಇಟ್ಟುಕೊಂಡರೂ ಗೆಲುವಿನ ಸಂಭವ ಇಪ್ಪತ್ತೊಂದರಲ್ಲಿ ಎರಡಕ್ಕಿಂತ ಮೇಲೇರದು.

ಇನ್ನೊಂದು ಕಾರಣವನ್ನು ಬ್ರಿಟನ್ನಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿವರಿಸಿದರು. ಅತಿ ಎತ್ತರದ ತಂದೆತಾಯಿಯರ ಮಕ್ಕಳು ಸಾಮಾನ್ಯವಾಗಿ ಅವರಷ್ಟು ಎತ್ತರವಿರುವುದಿಲ್ಲ, ಸರಾಸರಿಯ ಕಡೆಗೆ ಸರಿಯುತ್ತಾರೆ ಎಂಬುದು ಅವರು ಕಂಡ ಸತ್ಯ. ಆಟಕ್ಕೂ ಇದು ಅನ್ವಯಿಸುತ್ತದೆ. ಒಂದು ಸಂಜೆಯ ಅಮೋಘ ಆಟದಲ್ಲಿ ಕೌಶಲದ ಪಾಲೊಂದು, ಅದೃಷ್ಟದ ಪಾಲೊಂದು. ಗಾಳಿ ಅನುಕೂಲವಾಗಿ ಬೀಸಿತು, ಮರಕ್ಕೆ ತಾಗಿದ ತಟ್ಟೆ ಬುಟ್ಟಿಯ ಕಡೆಗೇ ಸಿಡಿಯಿತು. ಮುಂದಿನ ವಾರ ಕೌಶಲ ಉಳಿದಿರುತ್ತದೆ, ಅದೃಷ್ಟ ಉಳಿದಿರಬೇಕೆಂಬ ನಿಯಮವಿಲ್ಲ. ಶಿಖರದಲ್ಲಿ ನಿಂತವನಿಗೆ ಇಳಿಜಾರು ಬಿಟ್ಟು ಬೇರೆ ದಾರಿಯಿಲ್ಲ.

ಅಮೆರಿಕದ 'ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್' ನಿಯತಕಾಲಿಕದ ಮುಖಪುಟದಲ್ಲಿ ಚಿತ್ರ ಬಂದವರಿಗೆ ಕೇಡು ತಪ್ಪದೆಂಬ ನಂಬಿಕೆಯೂ ಇಂಥದೇ. 1954ರ ಆಗಸ್ಟಿನ ಮೊದಲ ಸಂಚಿಕೆಯ ಮುಖಪುಟದಲ್ಲಿದ್ದ ಬೇಸ್‌ಬಾಲ್ ಆಟಗಾರ ಎಡ್ಡಿ ಮ್ಯಾಥ್ಯೂಸ್ ಕೆಲವೇ ದಿನಗಳಲ್ಲಿ ಕೈಗೆ ಪೆಟ್ಟು ಮಾಡಿಕೊಂಡಿದ್ದೇ ಪ್ರತೀತಿಯ ಬೀಜವಾಯಿತು. 2002ರಲ್ಲಿ ಆ ಪತ್ರಿಕೆ ತನ್ನ ಮುಖಪುಟದಲ್ಲಿ ಕರಿಬೆಕ್ಕಿನ ಚಿತ್ರ ಹಾಕಿ ಈ ನಂಬಿಕೆಯ ಕುರಿತೇ ಲೇಖನ ಪ್ರಕಟಿಸಿತು. ಮುಖಪುಟಕ್ಕೆ ಬರುವುದು ಕ್ರೀಡಾಪಟುವಿನ ಅತ್ಯುತ್ತಮ ದಿನಗಳಲ್ಲಿ. ಅತ್ಯುತ್ತಮದ ಬಳಿಕ ಬರುವುದು ಸಾಧಾರಣವೇ. ಇಷ್ಟು ತಿಳಿದ ಮೇಲೂ ಆ ಪ್ರತೀತಿಯನ್ನು ಮೆಲುಕು ಹಾಕುವುದರಲ್ಲಿ ತಪ್ಪೇನಿಲ್ಲ, ಮೆಲುಕು ಹಾಕುವವರಿಗೆ ಲೆಕ್ಕವೂ ಗೊತ್ತಿದ್ದರೆ.

ಶಾಪ ನಿಂತಲ್ಲಿ

ಅಪಾಯ ಆರಂಭವಾಗುವುದು ಶಾಪ ಸಂಚಾರವನ್ನು ನಿಲ್ಲಿಸಿ ಒಬ್ಬ ವ್ಯಕ್ತಿಯ ಮೇಲೆ ಕುಳಿತಾಗ. 1950ರ ಜುಲೈ 16ರಂದು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಬ್ರೆಜಿಲ್ ತಂಡ ವಿಶ್ವಕಪ್ ಫುಟ್‌ಬಾಲಿನ ನಿರ್ಣಾಯಕ ಪಂದ್ಯವನ್ನು ಉರುಗ್ವೆಗೆ 1-2ರಿಂದ ಸೋತಿತು. ಇಡೀ ದೇಶದ ಕೋಪ ಎರಗಿದ್ದು ಗೋಲ್‌ಕೀಪರ್ ಮೊವಾಸಿರ್ ಬಾರ್ಬೋಸಾ ಅವರ ಮೇಲೆ. 1993ರಲ್ಲಿ ರಾಷ್ಟ್ರೀಯ ತಂಡದ ಅಭ್ಯಾಸ ಶಿಬಿರಕ್ಕೆ ಬಂದಾಗ ಅಪಶಕುನವೆಂದು ಅವರನ್ನು ಒಳಗೆ ಬಿಡಲಿಲ್ಲ. ತಮ್ಮ ದೇಶದಲ್ಲಿ ಗರಿಷ್ಠ ಶಿಕ್ಷೆ 30 ವರ್ಷ, ತಾವು ಮಾತ್ರ 50 ವರ್ಷ ಅನುಭವಿಸಿದ್ದೇವೆ ಎಂದು ಅವರು ಕೊನೆಗಾಲದಲ್ಲಿ ನೊಂದುಕೊಂಡಿದ್ದರು. 2000ದಲ್ಲಿ ತೀರಿಕೊಂಡ ಆ ವೃದ್ಧನಿಗೆ ತನ್ನ ಶಾಪವನ್ನು ದಾಟಿಸಲು ಮುಂದಿನ ಸುತ್ತು ಎಂಬುದೇ ಇರಲಿಲ್ಲ.

ಷಿಕಾಗೊದ ಕಬ್ಸ್ ಬೇಸ್‌ಬಾಲ್ ತಂಡದ ಕಥೆಯೂ ಹಾಗೆಯೇ. 1945ರಲ್ಲಿ ಆಡಿನೊಡನೆ ಪಂದ್ಯಕ್ಕೆ ಬಂದ ಹೋಟೆಲ್ ಮಾಲೀಕರೊಬ್ಬರನ್ನು ಹೊರಕಳುಹಿಸಿದ್ದರಿಂದ ತಂಡಕ್ಕೆ ಶಾಪ ತಟ್ಟಿತೆಂಬ ಐತಿಹ್ಯ ಬಹುಕಾಲ ವಿನೋದದ ವಸ್ತುವಾಗಿತ್ತು. 2003ರ ಅಕ್ಟೋಬರಿನಲ್ಲಿ ಅದು ವಿನೋದವಾಗಿ ಉಳಿಯಲಿಲ್ಲ. ಗ್ಯಾಲರಿಯ ಅಂಚಿಗೆ ಬಂದ ಚೆಂಡಿಗೆ ಕೈಚಾಚಿದ ಸಾಮಾನ್ಯ ಪ್ರೇಕ್ಷಕನೊಬ್ಬನೇ ಸೋಲಿಗೆ ಕಾರಣನೆಂದು ಜನ ತೀರ್ಮಾನಿಸಿದರು. ಆ ಬಳಿಕ ಆಟಗಾರರೇ ಮಾಡಿದ ತಪ್ಪುಗಳು ಲೆಕ್ಕಕ್ಕೆ ಬರಲಿಲ್ಲ. ಆತನನ್ನು ಭದ್ರತಾ ಸಿಬ್ಬಂದಿಯ ಕಾವಲಿನಲ್ಲಿ ಹೊರಗೊಯ್ಯಬೇಕಾಯಿತು; ಮನೆಗೆ ಪೊಲೀಸರ ರಕ್ಷಣೆ ಬೇಕಾಯಿತು. ತಂಡ 2016ರಲ್ಲಿ ಗೆದ್ದ ಮೇಲೆ, ಮರುವರ್ಷ ಆತನಿಗೆ ವಿಜಯದ ಉಂಗುರವನ್ನು ಕೊಟ್ಟು ಗೌರವಿಸಲಾಯಿತು. ಆ ನಡುವಿನ ವರ್ಷಗಳನ್ನು ಮರಳಿ ಕೊಡುವವರು ಯಾರು?

ಇವೆಲ್ಲ ಹೊರದೇಶದ ಮಾತಾಯಿತೆಂದು ನಾವು ನಿರಾಳವಾಗುವಂತಿಲ್ಲ. 'ಆಪ್ತಮಿತ್ರ' ಬಿಡುಗಡೆಯಾಗುವ ಮುನ್ನ, 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಅಪಘಾತಕ್ಕೆ ಬಲಿಯಾದರು. 'ಆಪ್ತರಕ್ಷಕ' ತೆರೆಗೆ ಬರುವ ಮುನ್ನ, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಹೃದಯಾಘಾತದಿಂದ ನಿಧನರಾದರು. ಈ ಎರಡು ಸಾವುಗಳನ್ನು ನಾಗವಲ್ಲಿಯ ಹೆಸರಿನಲ್ಲಿ ಪೋಣಿಸಿ ಹಬ್ಬಿಸಿದ ಮಾತು ಎಷ್ಟು ಮನೆಗಳ ಹಜಾರದಲ್ಲಿ ಗಂಭೀರವಾಗಿಯೇ ಚರ್ಚೆಯಾಗಿದೆ! ಪರದೆಯ ಮೇಲೆ ರಸವಾಗಿದ್ದುದನ್ನು ಪರದೆಯಿಂದಿಳಿಸಿ, ನಿಜವಾದ ಕುಟುಂಬಗಳ ದುಃಖದ ಮೇಲೆ ಹೇರಿದ್ದು ನಾವೇ.

ಚಾಮರಾಜನಗರದ ಉದಾಹರಣೆ ಇನ್ನೂ ಕಹಿಯಾದದ್ದು. ಆ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆಂಬ ನಂಬಿಕೆಗೆ ಕಟ್ಟುಬಿದ್ದು ಹಲವು ಮುಖ್ಯಮಂತ್ರಿಗಳು ಜಿಲ್ಲಾ ಕೇಂದ್ರವೊಂದನ್ನೇ ದೂರವಿಟ್ಟರು. ಕರ್ನಾಟಕದಲ್ಲಿ ಪೂರ್ಣಾವಧಿ ಮುಗಿಸಿದ ಮುಖ್ಯಮಂತ್ರಿಗಳೇ ಬೆರಳೆಣಿಕೆಯಷ್ಟು. ಎಲ್ಲಿಗೆ ಹೋದರೂ ಹೋಗದಿದ್ದರೂ ಅಧಿಕಾರ ಕಳೆದುಕೊಂಡವರೇ ಹೆಚ್ಚು. ಮತ್ತೆ ಅದೇ ಲೀಗಿನ ಲೆಕ್ಕ! 2013ರಿಂದ 2018ರವರೆಗೆ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಅಲ್ಲಿಗೆ ಹಲವು ಬಾರಿ ಹೋಗಿಯೂ ಐದು ವರ್ಷ ಪೂರೈಸಿದರು. ಪಾರಿತೋಷಕವನ್ನು ಪಕ್ಕದವನಿಗೆ ಕೊಟ್ಟು ಕೈತೊಳೆದುಕೊಳ್ಳಬಹುದು. ಊರೊಂದು ತನ್ನ ಹೆಸರಿಗಂಟಿದ ಅಪಕೀರ್ತಿಯನ್ನು ಯಾವ ಊರಿಗೆ ಕೊಟ್ಟೀತು?

ಶಾಪದ ಮಾತು ಹೊಣೆಗಾರಿಕೆಯನ್ನು ಕರಗಿಸುತ್ತದೆಂಬುದು ಇನ್ನೊಂದು ಕೇಡು. ಬೆಂಗಳೂರಿನ ಐಪಿಎಲ್ ತಂಡ 2008ರಿಂದ ಕಪ್ ಗೆಲ್ಲದೆ ಉಳಿದಾಗ ಹಣೆಬರಹ, ದೃಷ್ಟಿ, ಶಾಪ ಎಂದೆಲ್ಲ ನಾವು ನಕ್ಕಿದ್ದೇವೆ. ಅದು ಆಟದೊಳಗಿನ ನಗೆ. 2025ರ ಜೂನ್ 3ರಂದು ಕಪ್ ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜೀವಗಳು ಹೋದವು. ಅಂತಹ ದಿನ 'ವಿಧಿ' ಎಂಬ ಪದ ಬಾಯಿಗೆ ಬಂದರೆ ನುಂಗಿಕೊಳ್ಳಬೇಕು. ಜನಸಂದಣಿಯನ್ನು ನಿಯಂತ್ರಿಸುವುದು ಮನುಷ್ಯರ ಕೆಲಸ. ಅದು ತಪ್ಪಿದಾಗ ಉತ್ತರಿಸಬೇಕಾದವರೂ ಮನುಷ್ಯರೇ.

ಕಾಲ್ಗುಣದ ಲೆಕ್ಕ

ನಮ್ಮ ಮನೆಗಳೊಳಗೆ ಇದಕ್ಕೊಂದು ಹೆಸರಿದೆ: ಕಾಲ್ಗುಣ. ಸೊಸೆ ಮನೆ ತುಂಬಿದ ವರ್ಷ ಮಾವನಿಗೆ ಬಡ್ತಿ ಸಿಕ್ಕರೆ ಒಳ್ಳೆಯ ಕಾಲ್ಗುಣ, ಅಂಗಡಿಯಲ್ಲಿ ನಷ್ಟವಾದರೆ ಕೆಟ್ಟ ಕಾಲ್ಗುಣ. ಅರುವತ್ತು ದಾಟಿದ ಮಾವನಿಗೆ ಕಾಯಿಲೆ ಬರುವುದು ವಯಸ್ಸಿನ ಧರ್ಮ, ವ್ಯಾಪಾರದಲ್ಲಿ ಏರಿಳಿತ ಸಹಜ ಎಂಬ ಲೆಕ್ಕ ಆಗ ಯಾರಿಗೂ ಹೊಳೆಯುವುದಿಲ್ಲ. ವಿಧವೆ ಎದುರು ಬಂದರೆ ಪ್ರಯಾಣ ಮುಂದೂಡುವವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಪದವೀಧರರೂ ಇದ್ದಾರೆ. ಅಮಾನವೀಯ ಅನಿಷ್ಟ ಪದ್ಧತಿಗಳನ್ನು ಮತ್ತು ವಾಮಾಚಾರವನ್ನು ತಡೆಯುವ ಕಾನೂನನ್ನು ರಾಜ್ಯ 2017ರಲ್ಲಿ ಮಾಡಿತು. 2020ರಲ್ಲಿ ಅದು ಜಾರಿಗೆ ಬಂತು. ಅದು ಒಳ್ಳೆಯ ಕೆಲಸ. ಆದರೆ ಊಟದ ಮನೆಯಲ್ಲಿ ಮೆಲುದನಿಯಲ್ಲಿ ಆಡುವ ಕಾಲ್ಗುಣದ ಮಾತನ್ನು ಯಾವ ಪೊಲೀಸ್ ಠಾಣೆ ದಾಖಲಿಸಿಕೊಂಡೀತು?

ಮೂಢನಂಬಿಕೆಯ ವಿರುದ್ಧ ಬರೆಯುವವರು ಸಾಮಾನ್ಯವಾಗಿ ಎಲ್ಲ ಶಕುನ, ಎಲ್ಲ ಹರಕೆ, ಎಲ್ಲ ಭೂತದ ಕಥೆಗಳನ್ನೂ ಒಂದೇ ಪೊರಕೆಯಿಂದ ಗುಡಿಸಲು ಹೊರಡುತ್ತಾರೆ. ಅದು ಬೇಕಾಗಿಲ್ಲ, ಸಾಧ್ಯವೂ ಇಲ್ಲ. ಮನುಷ್ಯನಿಗೆ ಭಯ ಬೇಕು, ಭಯದ ಆಟವೂ ಬೇಕು. ಪರೀಕ್ಷಿಸಬೇಕಾದುದು ಇಷ್ಟೇ: ಈ ಶಾಪವನ್ನು ಹೊತ್ತವರು ಒಪ್ಪಿ ಹೊತ್ತಿದ್ದಾರೆಯೇ? ಅದಕ್ಕೆ ಅವಧಿಯಿದೆಯೇ? ಮುಂದಿನ ಸರದಿ ನನ್ನದೂ ಆಗಬಹುದೇ? ಮೂರಕ್ಕೂ ಹೌದೆನ್ನಬಹುದಾದರೆ ನಿಶ್ಚಿಂತೆಯಿಂದ ನಗೋಣ. ಒಂದಕ್ಕಾದರೂ ಉತ್ತರ ಇಲ್ಲವೆಂದಾದರೆ, ಅಲ್ಲಿ ನಗುವವರ ಸಾಲಿನಲ್ಲಿ ನಾವು ನಿಲ್ಲಬಾರದು.

ಅಮೆರಿಕದ ಆ ಉದ್ಯಾನದಲ್ಲಿ ಕತ್ತಲಾಗುವ ಹೊತ್ತಿಗೆ ಸುತ್ತು ಮುಗಿದಿರುತ್ತದೆ. ಕೊನೆಯ ತಟ್ಟೆ ಸರಪಳಿಗೆ ತಾಗಿ ಸದ್ದು ಮಾಡುತ್ತದೆ, ಎಸೆತಗಳ ಲೆಕ್ಕ ಕೂಡುತ್ತದೆ, ವಿಕಾರ ಮುಖದ ಪಾರಿತೋಷಕ ಒಬ್ಬರ ಕಾರಿನಿಂದ ಇನ್ನೊಬ್ಬರ ಕಾರಿಗೆ ಹೋಗುತ್ತದೆ. ಒಂದು ವಾರ ಅದನ್ನು ಹೊತ್ತು ಬೇಸತ್ತವರೇ ಹೊಸಬರ ಬೆನ್ನು ತಟ್ಟಿ ಬೀಳ್ಕೊಡುತ್ತಾರೆ. ಅವರಿಗೆ ಮುಂದಿನ ವಾರವಿದೆ. ಕಾಲ್ಗುಣ ಸರಿಯಿಲ್ಲವೆಂದು ಒಮ್ಮೆ ಅನ್ನಿಸಿಕೊಂಡ ಸೊಸೆಗೆ ಮುಂದಿನ ವಾರವಿಲ್ಲ. ಅವಳ ಕೈಯಲ್ಲಿರುವುದನ್ನು ಇಸಿದುಕೊಂಡು ಕೆಳಗಿಡಬೇಕಾದವರು ಆ ಮನೆಯವರೇ, ಅಂದರೆ ನಾವು.